ರಾಗಿ ಕಳಿಸಿದರೆ ಸಾಲದು, ಅಡುಗೆ ಪುಸ್ತಕವೂ ಬೇಕು

ಸಂಕ್ರಾಂತಿ ಕಳೆದ ವಾರ ವಿಜಯನಗರದಲ್ಲಿರುವ ಅಕ್ಕನ ಮಗಳ ಮನೆಗೆ ಹೋಗಿದ್ದೆ. ಪ್ರತಿ ವರ್ಷದ ರೂಢಿ ಅದು. ಹತ್ತು ಕಿಲೋ ರಾಗಿ, ಐದು ಕಿಲೋ ನವಣೆ ಅಕ್ಕಿ, ಒಂದು ಚೀಲ ಅವರೆಕಾಯಿ. ಮಾಗಡಿ ರಸ್ತೆ ಟೋಲ್‌ಗೇಟಿನಲ್ಲಿ ಬಸ್ಸಿಳಿದು ಆಟೋ ಹಿಡಿದು ಮನೆ ಸೇರುವಷ್ಟರಲ್ಲಿ ಸೊಂಟ ಹಿಡಿದಿತ್ತು.

ತಂದದ್ದನ್ನು ಸುರಿಯೋಣ ಎಂದು ಅಡುಗೆಮನೆಯ ಡಬ್ಬ ತೆಗೆದೆ. ಹೋದ ವರ್ಷದ ನವಣೆ ಹಾಗೇ ಇದೆ! ನುಸಿ ಹಿಡಿದು, ಗೂಡು ಕಟ್ಟಿ, ಮುಟ್ಟಿದರೆ ಉಂಡೆ ಉಂಡೆ. ಐದರಲ್ಲಿ ನಾಲ್ಕು ಕಿಲೋ ಆದರೂ ಉಳಿದಿತ್ತು. ನಾನು ಮಾತಾಡಲಿಲ್ಲ. ಅವಳೇ ಬಂದು ನಿಂತಳು.

"ಬೇಜಾರು ಮಾಡ್ಕೋಬೇಡಿ ಮಾವ. ಎರಡು ಸಲ ಮಾಡ್ದೆ. ಒಂದ್ಸಲ ಗಂಜಿ ಆಯ್ತು, ಇನ್ನೊಂದ್ಸಲ ಮರಳು ಮರಳು. ಮಕ್ಳು ಮುಟ್ಲಿಲ್ಲ."

ಅವಳದೂ ತಪ್ಪೆನ್ನಲಾಗದು. ಬೆಳಿಗ್ಗೆ ಎಂಟಕ್ಕೆ ಮನೆ ಬಿಡುತ್ತಾಳೆ. ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ನೇರಳೆ ಮಾರ್ಗದ ಮೆಟ್ರೋ 2023ರ ಅಕ್ಟೋಬರಿನಲ್ಲಿ ಪೂರ್ತಿಯಾದ ಮೇಲೆ ಆ ತುದಿಯಲ್ಲೇ ಕೆಲಸ ಹಿಡಿದಿದ್ದಾಳೆ. ಮನೆಗೆ ಬರುವುದು ಸಂಜೆ ಏಳೂವರೆ. ಗಂಡನಿಗೆ ಸಕ್ಕರೆ ಕಾಯಿಲೆ ಶುರುವಾಗಿ ಎರಡು ವರ್ಷ. ಬಿಳಿ ಅಕ್ಕಿ ಕಡಿಮೆ ಮಾಡಿ, ಸೊಪ್ಪು ತರಕಾರಿ ಜಾಸ್ತಿ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಹೇಳುವುದು ಸುಲಭ. ಏಳೂವರೆಗೆ ಬಂದವಳು ಎಂಟೂವರೆಗೆ ನಾಲ್ಕು ತಟ್ಟೆ ಹಾಕಬೇಕಲ್ಲ!

"ಪುಸ್ತಕ ಇಲ್ವೇನಮ್ಮ?" ಅಂದೆ.

ಇತ್ತು. ಒಂದಲ್ಲ, ನಾಲ್ಕು. ಮದುವೆಗೆ ಬಂದದ್ದು, ಗೃಹಪ್ರವೇಶಕ್ಕೆ ಬಂದದ್ದು. ಬಣ್ಣದ ಚಿತ್ರ, ನುಣುಪು ಕಾಗದ. ಒಂದರಲ್ಲೂ ಒಂದು ಅರಿಶಿನದ ಕಲೆ ಇಲ್ಲ.

ಅದೇ ವಾರ ಶನಿವಾರ ಅವಳಿಗೆ ರಜ. ಒಂದು ಒಳ್ಳೆಯ ಅಡುಗೆ ಪುಸ್ತಕ ಹುಡುಕಲೇಬೇಕೆಂದು ಇಬ್ಬರೂ ಹೊರಟೆವು. ರೈತನಿಗೇಕೆ ಈ ಉಸಾಬರಿ ಎಂದು ನೀವು ಕೇಳಬಹುದು. ರಾಗಿಗೆ ಸರ್ಕಾರದ ಬೆಂಬಲ ಬೆಲೆಯಾದರೂ ಇದೆ. 2025-26ರ ಸಾಲಿಗೆ ಕ್ವಿಂಟಲಿಗೆ 4,886 ರೂಪಾಯಿ ಗೊತ್ತುಮಾಡಿದ್ದರು. ನವಣೆ, ಸಾಮೆ, ಹಾರಕಕ್ಕೆ ಕೇಂದ್ರದ ಬೆಂಬಲ ಬೆಲೆ ಇಲ್ಲ. ಪಟ್ಟಣದ ಒಲೆಯ ಮೇಲೆ ಬೆಂದರೆ ಉಂಟು, ಇಲ್ಲದಿದ್ದರೆ ನಮ್ಮ ಬೆಳೆ ಡಬ್ಬದಲ್ಲಿ ನುಸಿಗೆ. ಅಕ್ಕನ ಮಗಳೇ ಬೇಯಿಸದ್ದನ್ನು ರಾಜಾಜಿನಗರದ ಗುರುತಿಲ್ಲದವರು ಬೇಯಿಸುತ್ತಾರೆಯೇ?

ಕೊಳೆಯಾದ ಪುಟ ನೋಡಿ

ಮೊದಲು ಹೋದದ್ದು ಹಂಪಿನಗರದ ಸಾರ್ವಜನಿಕ ಗ್ರಂಥಾಲಯಕ್ಕೆ. ಇದು ನನ್ನ ಉಪಾಯ. ಅಂಗಡಿಯ ಹೊಸ ಪುಸ್ತಕ ಏನನ್ನೂ ಹೇಳುವುದಿಲ್ಲ. ಗ್ರಂಥಾಲಯದ ಪುಸ್ತಕ ಹೇಳುತ್ತದೆ. ಹತ್ತು ಜನ ಒಯ್ದು ಅಡುಗೆ ಮಾಡಿದ್ದರೆ ಆ ಪುಟಕ್ಕೆ ಎಣ್ಣೆ ಮೆತ್ತಿರುತ್ತದೆ, ಅಂಚು ಕಪ್ಪಾಗಿರುತ್ತದೆ, ಪೆನ್ಸಿಲಿನಲ್ಲಿ "ಉಪ್ಪು ಜಾಸ್ತಿ" ಎಂದು ಯಾರೋ ಗೀಚಿರುತ್ತಾರೆ. ಅವೆನ್ಯೂ ರಸ್ತೆಯ ಹಳೆ ಪುಸ್ತಕಗಳಿಗೂ ಇದೇ ಮಾತು. ಕೊಳೆಯಾದ ಪುಟಗಳು ಯಾವುವು ನೋಡಿ. ನಾವು ನೋಡಿದ್ದರಲ್ಲಿ ಬಿಸಿಬೇಳೆ ಬಾತ್, ಹುಳಿಪುಡಿ, ಉಪ್ಪಿನಕಾಯಿ ಪುಟಗಳು ಕೊಳೆಯಾಗಿದ್ದವು. ಸಿರಿಧಾನ್ಯದ ಪುಟಗಳು ಬೆಳ್ಳಗೆ ಹೊಳೆಯುತ್ತಿದ್ದವು.

ಆಮೇಲೆ ರಾಜಾಜಿನಗರದ ಅಂಗಡಿಗಳಿಗೆ ಹೋದೆವು. ವಿಶ್ವಸಂಸ್ಥೆ 2023ನೇ ಇಸವಿಯನ್ನು ಸಿರಿಧಾನ್ಯ ವರ್ಷವೆಂದು ಸಾರಿದ್ದೇ ಸಾರಿದ್ದು, ಈ ಪುಸ್ತಕಗಳು ಮಳೆ ಬಿದ್ದ ಮೇಲಿನ ಅಣಬೆಯ ಹಾಗೆ ಎದ್ದಿವೆ. ಅಂಗಡಿಯವರು ಪಾಪ, ಬೇಸರಿಸದೆ ಒಂದೊಂದೇ ತೆಗೆದು ಕೊಟ್ಟರು. ನಾವು ಎಲ್ಲದರಲ್ಲೂ ನವಣೆ ಉಪ್ಪಿಟ್ಟಿನ ಪುಟವನ್ನೇ ತೆಗೆದೆವು. ಒಂದೇ ಅಡುಗೆಯನ್ನು ಎಲ್ಲ ಪುಸ್ತಕದಲ್ಲೂ ಓದಿದರೆ ಗಟ್ಟಿ ಯಾವುದು ಜೊಳ್ಳು ಯಾವುದು ತಿಳಿಯುತ್ತದೆ. ಅದೂ ನಿಮಗೆ ಮಾಡಿ ಗೊತ್ತಿರುವ ಅಡುಗೆ ಆಗಿರಬೇಕು. ಗೊತ್ತಿರುವುದರಲ್ಲೇ ತಪ್ಪಿದವರು ಗೊತ್ತಿಲ್ಲದ್ದರಲ್ಲಿ ಸರಿ ಹೇಳುತ್ತಾರೆಂದು ನಂಬುವುದು ಹೇಗೆ?

ಒಂದರಲ್ಲಿ ಸಾಮಾನಿನ ಪಟ್ಟಿ ಹದಿನೆಂಟು ಸಾಲು. ಚೀಸು ಬೇಕಂತೆ, ಓವನ್ನಿನಲ್ಲಿ ಇಡಬೇಕಂತೆ. ಉಪ್ಪಿಟ್ಟಿಗೆ! ಇನ್ನೊಂದರಲ್ಲಿ "ಬೇಕಾದಷ್ಟು ನೀರು", "ಹದವಾಗಿ ಬೇಯಿಸಿ" ಎಂದಷ್ಟೇ ಇದೆ. ಬೇಕಾದಷ್ಟು ಎಂದರೆ ಎಷ್ಟು ಎಂದು ಗೊತ್ತಿದ್ದಿದ್ದರೆ ಪುಸ್ತಕ ಯಾಕೆ ಬೇಕಿತ್ತು? ಹಳೆಯ ಪುಸ್ತಕವೊಂದರಲ್ಲಿ ಅಳತೆ ಖಚಿತವಾಗಿತ್ತು, ಆದರೆ ಪಾವು, ಚಟಾಕಿನಲ್ಲಿ. ನನಗೆ ಅರ್ಥವಾಯಿತು, ಅಕ್ಕನ ಮಗಳಿಗೆ ಆಗಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ನೆನೆಸುವುದನ್ನು ಮುಚ್ಚಿಡುವುದು. ತಲೆಬರಹದಲ್ಲಿ "15 ನಿಮಿಷದ ಅಡುಗೆ" ಎಂದಿರುತ್ತದೆ. ಪಟ್ಟಿಯ ಐದನೇ ಸಾಲಿನಲ್ಲಿ "ರಾತ್ರಿಯಿಡೀ ನೆನೆಸಿದ ಹೆಸರುಕಾಳು ಒಂದು ಕಪ್" ಎಂದಿರುತ್ತದೆ. ಏಳೂವರೆಗೆ ಬಂದು ಪುಸ್ತಕ ತೆಗೆದವಳು ಏನು ಮಾಡಬೇಕು? ಅಂಥ ರಾತ್ರಿಯೇ ಹೋಟೆಲಿನಿಂದ ತರಿಸುವುದು. ಆದ್ದರಿಂದ ಪುಸ್ತಕ ಕೈಗೆತ್ತಿಕೊಂಡಾಗ ಮೊದಲು ನೋಡಬೇಕಾದ್ದು ಚಿತ್ರವಲ್ಲ. ನೆನೆಸುವುದು, ಹುರಿಯುವುದು, ರುಬ್ಬುವುದನ್ನು ಮೇಲೇ ಬರೆದಿದ್ದಾರೆಯೇ ನೋಡಿ. "ಹಿಂದಿನ ರಾತ್ರಿ ಮಾಡಬೇಕಾದ್ದು" ಎಂದು ಬೇರೆ ಬರೆದ ಪುಸ್ತಕ ಸಿಕ್ಕರೆ ಅದನ್ನು ಬರೆದವರು ನಿಜವಾಗಿ ಅಡುಗೆ ಮಾಡಿದವರು ಎಂದು ತಿಳಿಯಿರಿ.

ಎಣ್ಣೆ ಉಪ್ಪಿನ ಲೆಕ್ಕ

"ಆರೋಗ್ಯಕರ" ಎಂಬ ಮಾತು ಈಗ ಎಲ್ಲ ಹೊದಿಕೆಯ ಮೇಲೂ ಇದೆ. ಅದನ್ನು ಪರೀಕ್ಷಿಸಲು ಒಂದು ಸರಳ ಲೆಕ್ಕವಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರ ಆಹಾರದ ಮಾರ್ಗಸೂಚಿಯನ್ನು ಹೊಸದಾಗಿ ಹೊರತಂದಿತು. ದಿನಕ್ಕೆ 2,000 ಕಿಲೋ ಕ್ಯಾಲೊರಿ ಬೇಕಾದ ಒಬ್ಬರಿಗೆ ಸೊಪ್ಪು ತರಕಾರಿ 400 ಗ್ರಾಂ, ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಎಣ್ಣೆ ತುಪ್ಪ ಎಲ್ಲ ಸೇರಿ 27 ಗ್ರಾಂ ಎಂದು ಅದರಲ್ಲಿದೆ. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು.

ನಾಲ್ಕು ಜನರ ಮನೆಗೆ ಗುಣಿಸಿ ನೋಡಿ. ತಿಂಗಳಿಗೆ ಉಪ್ಪು 600 ಗ್ರಾಂ. ಎಣ್ಣೆ ಸುಮಾರು ಮೂರೂವರೆ ಲೀಟರು. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿಯ ಉಪ್ಪು ಎಣ್ಣೆಯೂ ಇದರೊಳಗೇ ಬರಬೇಕು. ನಮ್ಮ ಹಳ್ಳಿಯ ಮನೆಯಲ್ಲಿ ಒಂದು ಕಿಲೋ ಉಪ್ಪಿನ ಪೊಟ್ಟಣ ಎಷ್ಟು ದಿನಕ್ಕೆ ಖಾಲಿಯಾಗುತ್ತದೆ ಎಂದು ಲೆಕ್ಕ ಹಾಕಿದಾಗ ನನಗೇ ಗಾಬರಿಯಾಯಿತು.

ಈಗ ಪುಸ್ತಕಕ್ಕೆ ಬನ್ನಿ. ಹೊದಿಕೆಯ ಮೇಲೆ ಹೃದಯದ ಚಿತ್ರ ಹಾಕಿದ್ದ ಒಂದು ಪುಸ್ತಕದಲ್ಲಿ ನಾಲ್ಕು ಜನರ ಬದನೆಕಾಯಿ ಎಣ್ಣೆಗಾಯಿಗೆ ಅರ್ಧ ಕಪ್ ಎಣ್ಣೆ ಎಂದಿತ್ತು. ಅರ್ಧ ಕಪ್ ಎಂದರೆ ಹೆಚ್ಚುಕಡಿಮೆ 110 ಗ್ರಾಂ. ನಾಲ್ಕು ಜನರ ಇಡೀ ದಿನದ ಪಾಲು 108 ಗ್ರಾಂ! ಬೆಳಗಿನ ದೋಸೆ, ಮಧ್ಯಾಹ್ನದ ಒಗ್ಗರಣೆ ಎಲ್ಲ ಬೇರೆ. ಹಬ್ಬಕ್ಕೆ ಎಣ್ಣೆಗಾಯಿ ಮಾಡಬಾರದೆಂದಲ್ಲ. ದಿನದ ಅಡುಗೆಯ ಪುಸ್ತಕವೆಂದು ಹೇಳಿಕೊಂಡ ಮೇಲೆ ದಿನದ ಲೆಕ್ಕ ಇರಬೇಕು. ಎಷ್ಟು ಜನಕ್ಕೆ ಎಂಬುದೇ ಬರೆಯದ ಪುಸ್ತಕವನ್ನಂತೂ ಅಲ್ಲೇ ಇಟ್ಟುಬಿಡಿ.

ಇನ್ನೊಂದು ಜಾತಿಯ ಪುಸ್ತಕವಿದೆ. ನವಣೆ ತಿಂದರೆ ಸಕ್ಕರೆ ಕಾಯಿಲೆ ಹೋಗುತ್ತದೆ, ಹಾರಕ ತಿಂದರೆ ಆ ರೋಗ, ಊದಲು ತಿಂದರೆ ಈ ರೋಗ ಎಂದು ಪಟ್ಟಿ. ಬೆಳೆಯುವವನಾಗಿ ನಾನು ಇದನ್ನು ಹೊಗಳಬೇಕು, ಮಾರಾಟಕ್ಕೆ ಒಳ್ಳೆಯದು. ಆದರೆ ಸುಳ್ಳು ಹೇಳಿ ಮಾರಿದ ಬೀಜ ಒಂದೇ ಬೆಳೆ. ರಾಗಿಯಲ್ಲಿ 100 ಗ್ರಾಮಿಗೆ 364 ಮಿಲಿಗ್ರಾಂ ಸುಣ್ಣದ ಅಂಶ ಇದೆ, ಬಿಳಿ ಅಕ್ಕಿಯಲ್ಲಿ 7-8 ಮಿಲಿಗ್ರಾಂ ಅಷ್ಟೆ. ಇದು ಅದೇ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲಿರುವ ಮಾತು. ನಾರೂ ರಾಗಿಯಲ್ಲಿ ಎಷ್ಟೋ ಪಾಲು ಹೆಚ್ಚು. ಆದರೆ ಅದೇ ರಾಗಿಯಲ್ಲಿ ಮೂರರಲ್ಲಿ ಎರಡು ಪಾಲು ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಎರಡು ಮುದ್ದೆ ನುಂಗಿದರೆ ಸಕ್ಕರೆ ಏರಿಯೇ ಏರುತ್ತದೆ. ಒಂದು ಸಣ್ಣ ಮುದ್ದೆ, ಅದರ ಎರಡರಷ್ಟು ಸೊಪ್ಪು ಕಾಳಿನ ಸಾರು ಎಂದು ಬರೆದ ಪುಸ್ತಕ ನಂಬಬಹುದು. ರೋಗ ವಾಸಿ ಮಾಡುವ ಪುಸ್ತಕ ಬೇಡ.

ಬೆಳ್ಳಗೆ ಪಾಲಿಶ್ ಮಾಡಿದ ನವಣೆ, ಸಾಮೆಯ ಕಥೆಯೂ ಹೀಗೇ. ತೌಡು ಹೋದ ಮೇಲೆ ನಾರೂ ಹೋಯಿತು. ತೌಡಿರುವ ಅಕ್ಕಿಗೆ ಎಣ್ಣೆಯ ಅಂಶವಿರುವುದರಿಂದ ಬೇಗ ಕಮಟು ಹತ್ತುತ್ತದೆ, ನುಸಿ ಹಿಡಿಯುತ್ತದೆ. ಹೊಟ್ಟಿನ ಸಮೇತ ಇಟ್ಟರೆ ವರ್ಷಗಟ್ಟಲೆ ಇರುತ್ತದೆ, ಹೊಟ್ಟು ಬಿಡಿಸಿದ್ದು ಎರಡು ಮೂರು ತಿಂಗಳು. ಐದು ಕಿಲೋ ಒಟ್ಟಿಗೆ ಕೊಟ್ಟು ಬಂದದ್ದು ನನ್ನದೇ ಪೆದ್ದತನ. ಯಾವ ಪುಸ್ತಕದಲ್ಲೂ ಈ ವಿಷಯ ಕಾಣಲಿಲ್ಲ.

ಬಸ್ಸಾರು ಕೆಡಿಸಿದ ಪುಸ್ತಕ

ನಮ್ಮ ಕಡೆಯ ಬಸ್ಸಾರಿಗಿಂತ ಕೆಲಸದವರ ಅಡುಗೆ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ತೊಗರಿಬೇಳೆಯನ್ನೋ ಅಲಸಂದೆ ಕಾಳನ್ನೋ ಅರೆ ಬೇಯಿಸಿ, ಹೆಚ್ಚಿದ ದಂಟಿನ ಸೊಪ್ಪು, ಕಿರಕಸಾಲೆ, ಸಬ್ಬಸಿಗೆ ಏನಿದೆಯೋ ಅದನ್ನು ಹಾಕಿ, ಉಪ್ಪು ಹಾಕಿ ಬೇಯಿಸಿ ಬಸಿದರೆ ಕಟ್ಟು ಬೇರೆ, ಸೊಪ್ಪು ಬೇರೆ. ಒಂದು ಹಿಡಿ ಬೆಂದ ಬೇಳೆ, ಈರುಳ್ಳಿ, ಬೆಳ್ಳುಳ್ಳಿ, ಸಾರಿನ ಪುಡಿ, ಹುಣಸೆ, ಸ್ವಲ್ಪ ತೆಂಗಿನಕಾಯಿ ರುಬ್ಬಿ ಕಟ್ಟಿಗೆ ಕಲಸಿ ಕುದಿಸಿದರೆ ಸಾರು. ಉಳಿದ ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಸಲ ಬೇಯಿಸಿ ಎರಡು ಅಡುಗೆ. ಎಣ್ಣೆ ಎರಡು ಚಮಚ. ಬೇಳೆಯೂ ಸೊಪ್ಪೂ ಒಟ್ಟಿಗೆ. ಸಾರು ಮಾರನೆಯ ದಿನಕ್ಕೆ ಇನ್ನೂ ರುಚಿ.

ಅಂಗಡಿಯಲ್ಲಿ ನೋಡಿದ ಒಂದು ಪುಸ್ತಕದಲ್ಲಿ ಬಸ್ಸಾರು ಇತ್ತು. ಖುಷಿಯಿಂದ ಓದಿದೆ. "ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿ" ಎಂದು ಬರೆದಿದ್ದರು! ಬಸಿದದ್ದನ್ನು ಚೆಲ್ಲಿದರೆ ಬಸ್ಸಾರು ಎಲ್ಲಿಂದ ಬಂತು? ಪುಸ್ತಕ ಮುಚ್ಚಿ ಅಂಗಡಿಯವರಿಗೆ ಕೊಟ್ಟೆ. ಅಕ್ಕನ ಮಗಳು ನಕ್ಕು ನಕ್ಕು ಸುಸ್ತು.

ಹಳೆ ಕಾಲದಲ್ಲಿ ಹೀಗಾಗುತ್ತಿರಲಿಲ್ಲವೇನೋ. ಸುಮಾರು ಸಾವಿರ ವರ್ಷದ ಹಿಂದೆ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಚಾವುಂಡರಾಯನೆಂಬವನು ಬರೆದ 'ಲೋಕೋಪಕಾರ' ಎಂಬ ಕನ್ನಡ ಗ್ರಂಥವಿದೆ. ಅದರಲ್ಲಿ ನೆಲದಡಿಯ ನೀರು ಹುಡುಕುವುದು, ಗಿಡಮರ ಬೆಳೆಸುವುದು, ವೈದ್ಯ, ಅಡುಗೆ ಎಲ್ಲ ಒಂದೇ ರಟ್ಟಿನೊಳಗೆ. ಬೆಳೆಯುವುದೂ ಬೇಯಿಸುವುದೂ ಬೇರೆ ಬೇರೆ ಎಂದು ಆತನಿಗೆ ಅನ್ನಿಸಿಲ್ಲ. 16ನೇ ಶತಮಾನದ ಮೂರನೇ ಮಂಗರಸನ 'ಸೂಪಶಾಸ್ತ್ರ' ಪೂರಾ ಅಡುಗೆಯದ್ದೇ, ಅದೂ ಪದ್ಯದಲ್ಲಿ. ಬದನೆ, ಬಾಳೆ, ಹಲಸು, ಕಳಲೆ ಎಂದು ತರಕಾರಿ ಹಿಡಿದು ಹೋಗುತ್ತಾನೆ. ತರಕಾರಿ ಹಿಡಿದು ಹೋಗುವ ಆ ಕ್ರಮ ಇವತ್ತಿಗೂ ಉಪಯೋಗದ್ದು. ಅಲಸಂದೆ ಸೋವಿಯಾದ ವಾರ ಅಲಸಂದೆಯ ಪುಟ ತೆರೆದರೆ ಐದು ಅಡುಗೆ ಸಿಗಬೇಕು. "ತಿಂಡಿಗಳು, ಸಾರುಗಳು, ಸಿಹಿಗಳು" ಎಂದು ವಿಂಗಡಿಸಿದ ಪುಸ್ತಕದಲ್ಲಿ ಅಲಸಂದೆ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಕಾಯಿ ಬಾಡುತ್ತದೆ. ಹಿಂದೆ ತರಕಾರಿಯ ಹೆಸರಿನ ಅಕಾರಾದಿ ಇದ್ದರೆ ಅದೂ ಸರಿಯೇ.

ಕಡೆಗೆ ಒಂದು ಪುಸ್ತಕ ಕೊಂಡೆವು. ಹೆಸರು ಹೇಳಿದರೆ ಜಾಹೀರಾತು ಆದೀತು, ಬೇಡ. ತೆಳ್ಳನೆಯದು, ಚಿತ್ರವಿಲ್ಲ, ಮೇಜಿನ ಮೇಲೆ ಇಟ್ಟರೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಕೈಯಲ್ಲಿ ಹಿಟ್ಟು ಮೆತ್ತಿರುವಾಗ ಇದೂ ದೊಡ್ಡ ಗುಣವೇ. ಹೆಚ್ಚಿನ ಅಡುಗೆಗೆ ಹತ್ತರೊಳಗೆ ಸಾಮಾನು, ಎಲ್ಲವೂ ಬಸವೇಶ್ವರನಗರದ ಮೂಲೆ ಅಂಗಡಿಯಲ್ಲಿ ಸಿಗುವಂಥವು. ಉಳಿದದ್ದನ್ನು ಬೆಳಿಗ್ಗೆ ಏನು ಮಾಡಬಹುದೆಂದೂ ಬರೆದಿದ್ದಾರೆ. ಕೊರತೆಯೂ ಇದೆ. ರಾಗಿಗೆ ಎರಡೇ ಪುಟ, ನವಣೆಗೆ ಒಂದು.

ಅಕ್ಕನ ಕೈ ಅಳತೆ

ಆ ಕೊರತೆ ತುಂಬಲು ಅಕ್ಕನಿಗೆ ಫೋನು ಮಾಡಿಸಿದೆ. ಏಳು ದಿನಕ್ಕೆ ಏಳು ರಾತ್ರಿ ಅಡುಗೆ ಹೇಳು, ಮಗಳು ಬರ್ಕೊತಾಳೆ ಅಂದೆ. ಅಕ್ಕನೂ ಪುಸ್ತಕದವರ ಹಾಗೇ ಶುರು ಮಾಡಿದಳು. "ಒಂದಿಷ್ಟು ಉಪ್ಪು ಹಾಕು, ನೀರು ನೋಡ್ಕೊಂಡು ಇಡು." ಎಷ್ಟಮ್ಮ ಎಂದರೆ "ಕೈಗೇ ಗೊತ್ತಾಗುತ್ತೆ ಕಣೇ" ಎಂಬ ಉತ್ತರ. ಸರಿ, ಮುಂದಿನ ಭಾನುವಾರ ಅಕ್ಕನನ್ನೇ ಕರೆಸಿದ್ದಾಯಿತು. ಅಕ್ಕ ಕೈಯಲ್ಲಿ ಉಪ್ಪು ತೆಗೆದಳು, ಮಗಳು ಆ ಕೈ ಹಿಡಿದು ಚಮಚಕ್ಕೆ ಸುರಿಸಿಕೊಂಡಳು. ಒಂದೂವರೆ ಚಮಚ! ಸಣ್ಣ ಚಮಚ ತಲೆತಟ್ಟಿದರೇ ಐದಾರು ಗ್ರಾಂ ಉಪ್ಪು. ಅಕ್ಕನಿಗೂ ಬಿಪಿ ಇದೆ, ಅವಳೂ ಅವತ್ತು ಸುಮ್ಮನಾದಳು. ನೀರನ್ನು ಮನೆಯ ಸ್ಟೀಲ್ ಲೋಟದಲ್ಲೇ ಅಳೆದರು. ಮುದ್ದೆಗೆ ಹಿಟ್ಟು ಒಂದು ಲೋಟ, ನೀರು ಎರಡು ಲೋಟ. ಹಿಟ್ಟು ಹಳತಾದರೆ ಸ್ವಲ್ಪ ವ್ಯತ್ಯಾಸ.

ಹೀಗೆ ಏಳು ಅಡುಗೆ ಒಂದು ನೋಟುಬುಕ್ಕಿಗೆ ಬಂತು. ಕೊಂಡ ಪುಸ್ತಕ, ಈ ನೋಟುಬುಕ್ಕು, ಎರಡೇ ಈಗ ಅಡುಗೆಮನೆಯಲ್ಲಿವೆ. ನಾಲ್ಕು ಬಣ್ಣದ ಪುಸ್ತಕಗಳು ಅಟ್ಟ ಸೇರಿವೆ. ಹಿಂದಿನ ರಾತ್ರಿ ಮಲಗುವ ಮುಂಚೆ ಕಾಳು ನೆನೆಹಾಕುವ ಕೆಲಸ ಗಂಡನದು ಎಂದು ಗೊತ್ತುಮಾಡಿದ್ದಾರೆ. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ, ಇರಬೇಕಿತ್ತು.

ನಮ್ಮ ಚೀಟಿ

ನನಗೆ ಇದರಿಂದ ಒಂದು ಬುದ್ಧಿ ಬಂತು. ಬಸವೇಶ್ವರನಗರದಲ್ಲಿ ನಮ್ಮಿಂದ ನವಣೆ ಅಕ್ಕಿ ಕೊಳ್ಳುವ ಹತ್ತು ಹನ್ನೆರಡು ಮನೆಗಳಿವೆ. ಕಿಲೋ ಚೀಲದೊಳಗೆ ಒಂದು ಚೀಟಿ ಹಾಕಿ ಕೊಟ್ಟರೆ ಹೇಗೆ? ನಮ್ಮ ಮನೆಯಾಕೆ ಹೇಳಿದಳು, ನಾನು ಬರೆದೆ, ಜೆರಾಕ್ಸ್ ಮಾಡಿಸಿದೆ. ಒಂದು ಲೋಟ ನವಣೆಗೆ ಮೂರು ಲೋಟ ನೀರು.

ಹದಿನೈದು ದಿನ ಬಿಟ್ಟು ಹೋದರೆ ಒಬ್ಬ ಯಜಮಾನಿ ಬಾಗಿಲಲ್ಲೇ ತರಾಟೆಗೆ ತೆಗೆದುಕೊಂಡರು. "ಏನ್ರೀ ಇದು, ಅನ್ನಾನೋ ಗಂಜೀನೋ?" ಇನ್ನೂ ಮೂರು ಮನೆಯಲ್ಲಿ ಅದೇ ಮಾತು. ತಲೆ ಕೆರೆದುಕೊಂಡು ವಿಚಾರಿಸಿದರೆ ಸಂಗತಿ ಇಷ್ಟೆ. ನಮ್ಮ ಮನೆಯಲ್ಲಿ ಸೌದೆ ಒಲೆ, ತೆರೆದ ಪಾತ್ರೆ, ನೀರು ಆವಿಯಾಗಿ ಹೋಗುತ್ತದೆ. ಅವರದು ಕುಕ್ಕರು. ಇನ್ನೊಬ್ಬರ ಅಡುಗೆಮನೆ ನೋಡದೆ ಬರೆಯುವ ಪುಸ್ತಕದವರನ್ನು ಆಡಿಕೊಂಡವನು ನಾನೂ ಅದನ್ನೇ ಮಾಡಿದ್ದೆ.

ಈಗಿನ ಚೀಟಿ ಹೀಗಿದೆ. ಬೇಕಾದವರು ಹಾಗೇ ಬಳಸಿಕೊಳ್ಳಿ, ಆದರೆ ನಿಮ್ಮ ಧಾನ್ಯದಲ್ಲಿ ಒಮ್ಮೆ ಮಾಡಿ ನೋಡಿದ ಮೇಲೆ.

"ನವಣೆ ಅಕ್ಕಿ ಒಂದು ಲೋಟ, ಮೂರು ಜನಕ್ಕೆ. ಎರಡು ಸಲ ತೊಳೆದು ಅರ್ಧ ಗಂಟೆ ನೆನೆಸಿ ನೀರು ಬಸಿಯಿರಿ. ಕುಕ್ಕರಿನಲ್ಲಾದರೆ ಅದೇ ಲೋಟದಲ್ಲಿ ಎರಡು ಲೋಟ ನೀರು, ಎರಡು ವಿಷಲ್. ಆವಿ ತಾನಾಗಿ ಇಳಿಯಲಿ. ತೆರೆದ ಪಾತ್ರೆಯಲ್ಲಾದರೆ ನೀರು ಕುದಿಸಿ ಹಾಕಿ, ಎರಡೂವರೆಯಿಂದ ಮೂರು ಲೋಟ, ಸಣ್ಣ ಉರಿ, ಮುಚ್ಚಳ. ಮೊಸರನ್ನಕ್ಕೆ ಅರ್ಧ ಲೋಟ ನೀರು ಹೆಚ್ಚಿಗೆ. ಆರಿದ ಮೇಲೆ ಗಟ್ಟಿಯಾಗುತ್ತದೆ, ಬಿಸಿಯಾಗಿ ಉಣ್ಣಿ. ಡಬ್ಬ ಗಾಳಿಯಾಡದಂತೆ ಮುಚ್ಚಿ, ಎರಡು ತಿಂಗಳೊಳಗೆ ಮುಗಿಸಿ."

ಇದನ್ನು ಕೊಡಲು ಶುರು ಮಾಡಿದ ಮೇಲೆ ಗಂಜಿಯ ದೂರು ನಿಂತಿದೆ. ಎರಡು ಮನೆಯವರು ಬಿಟ್ಟುಹೋದರು, ನಾಲ್ಕು ಮನೆ ಹೊಸದಾಗಿ ಸೇರಿವೆ, ಒಂದು ಕೆಂಗೇರಿ ಉಪನಗರದ್ದು. ದೊಡ್ಡ ವ್ಯಾಪಾರವೇನಲ್ಲ. ನನ್ನ ಕಾಲು ಎಕರೆ ನವಣೆಗೆ ಇಷ್ಟು ಸಾಕು.

ಅಳಿಯನ ಸಕ್ಕರೆ ಇಳಿಯಿತೇ ಎಂದು ಕೇಳಬೇಡಿ. ಮಾತ್ರೆ ಇದ್ದೇ ಇದೆ, ಡಾಕ್ಟರು ನೋಡುತ್ತಿದ್ದಾರೆ. ಹೋಟೆಲಿನಿಂದ ತರಿಸುವುದು ವಾರಕ್ಕೆ ನಾಲ್ಕು ಸಲ ಇದ್ದದ್ದು ಒಂದಕ್ಕೆ ಇಳಿದಿದೆ ಎಂದಳು ಅಕ್ಕನ ಮಗಳು. ಈಗ ಎರಡೆರಡೇ ಕಿಲೋ ಕೊಡುತ್ತಿದ್ದೇನೆ. ಯುಗಾದಿಗೆ ಹೋದಾಗ ಡಬ್ಬ ಖಾಲಿ. ಒಳಗೆ ಇಣುಕಿ ನೋಡಿ ಮುಚ್ಚಳ ಹಾಕುವಾಗ ಹಿಂದಿನಿಂದ ಅವಳ ಮಾತು ಬಂತು.

"ಮಾವ, ಹುರುಳಿಗೆ ಚೀಟಿ ಇಲ್ವಾ?"

ಇಲ್ಲ. ನಮ್ಮ ಮನೆಯಾಕೆ ಈ ವಾರ ಕುಕ್ಕರ್ ಇಟ್ಟುಕೊಂಡು, ಲೋಟ ಹಿಡಿದು ಕೂತಿದ್ದಾಳೆ. ಹುರುಳಿ ಬಸ್ಸಾರನ್ನು ನೆನೆಸದೆ ಮಾಡುವ ಬಗೆ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಬರೆಯಿರಿ. ನೀರಿನ ಅಳತೆಯ ಸಮೇತ.